ಒಂದು ಮಾತ್ರೆ ಎಲ್ಲಿಂದ ಬಂತು? ಥಾಲಿಡೋಮೈಡ್ ಮೂಲದ ವಿವಾದ ಮತ್ತು ನಮಗೊಂದು ಪಾಠ



ನಮ್ಮ ಮಧುವನಹಳ್ಳಿಯಲ್ಲಾಗಲಿ, ಕೊಳ್ಳೇಗಾಲ, ಹನೂರು, ಯಳಂದೂರಿನ ಯಾವುದೇ ಬೀದಿಯಲ್ಲಾಗಲಿ, ಒಂದು ಮಗು ಕೈಯೋ ಕಾಲೋ ಊನವಾಗಿ ಹುಟ್ಟಿತು ಎನ್ನಿ. ಮೊದಲು ಕೇಳಿಬರುವ ಮಾತು ಯಾವುದು? "ಗ್ರಹಣದ ಹೊತ್ತಿನಲ್ಲಿ ಇವಳು ಚಾಕು ಹಿಡಿದಿದ್ದಳೇನೋ", "ಅವರ ವಂಶದಲ್ಲೇ ಏನೋ ದೋಷ ಇರಬೇಕು" ಎಂಬ ಮಾತುಗಳು ತಾನೇ? ಈ ಮಾತಿಗೆ ಜಾತಿ ಮತಗಳ ಭೇದವಿಲ್ಲ. ಎಲ್ಲರ ಮನೆಯಲ್ಲೂ ಅಜ್ಜಿಯರು ಇದನ್ನೇ ಹೇಳುತ್ತಾರೆ. ಕೊನೆಗೆ ತಪ್ಪೆಲ್ಲ ಬಂದು ಬೀಳುವುದು ಹೆತ್ತ ತಾಯಿಯ ತಲೆಯ ಮೇಲೆ. ಆಕೆಯೂ ಅದನ್ನು ನಂಬಿ ಜೀವನವಿಡೀ ಕೊರಗುತ್ತಾಳೆ.

ಇದು ಓದು ಬರಹವಿಲ್ಲದ ಹಳ್ಳಿಗರ ಅಜ್ಞಾನ ಮಾತ್ರ ಎಂದು ನೀವು ತಿಳಿದಿದ್ದರೆ ನಾನು ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕು. 1960ರ ಸುಮಾರಿಗೆ ವಿಜ್ಞಾನ, ವೈದ್ಯಕೀಯ, ಕೈಗಾರಿಕೆಗಳಲ್ಲಿ ಮುಂದುವರಿದಿದ್ದ ಪಶ್ಚಿಮ ಜರ್ಮನಿಯಲ್ಲಿ ಸಾವಿರಾರು ತಾಯಂದಿರು ಇದೇ ಮಾತು ಕೇಳಿದರು. ಅವರ ಮಕ್ಕಳು ತೋಳಿಲ್ಲದೆ, ಭುಜದಿಂದಲೇ ಅಂಗೈ ಮೊಳೆತಂತೆ, ಕಾಲಿಲ್ಲದೆ, ಕಿವಿಯಿಲ್ಲದೆ ಹುಟ್ಟಿದ್ದವು. ವಂಶದ ದೋಷ ಎಂದರು. ಅಣುಬಾಂಬ್ ಪರೀಕ್ಷೆಗಳ ವಿಕಿರಣ ಎಂದರು. ನಿಜವಾದ ಕಾರಣ ಆ ಮನೆಗಳ ಔಷಧದ ಡಬ್ಬಿಯಲ್ಲೇ ಇತ್ತು. ಅದರ ಹೆಸರು ಥಾಲಿಡೋಮೈಡ್.

ಈ ಮಾತ್ರೆ ಏನು ಮಾಡಿತು ಎಂಬುದು ಈಗ ಜಗತ್ತಿಗೆಲ್ಲ ಗೊತ್ತು. ಆದರೆ ಅದನ್ನು ಮೊದಲು ತಯಾರಿಸಿದವರು ಯಾರು, ಯಾವಾಗ, ಯಾವ ಉದ್ದೇಶಕ್ಕೆ ಎಂಬ ಪ್ರಶ್ನೆಗೆ ಇಂದಿಗೂ ಎಲ್ಲರೂ ಒಪ್ಪುವ ಉತ್ತರವಿಲ್ಲ. ಆ ವಿವಾದವನ್ನು ನಿಮ್ಮ ಮುಂದೆ ಇಡುವುದು ಈ ಲೇಖನದ ಉದ್ದೇಶ. ಇತಿಹಾಸದಲ್ಲಿ ಸಾಕ್ಷಿ ಎಂದರೇನು, ಸಂಶಯ ಎಂದರೇನು ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮಾರುಕಟ್ಟೆಗೆ ಬಂದ ಬಗೆ

ಜರ್ಮನಿಯ ಆಖೆನ್ ನಗರದ ಹತ್ತಿರ ಸ್ಟೋಲ್‌ಬರ್ಗ್ ಎಂಬ ಚಿಕ್ಕ ಊರಿದೆ. ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಲ್ಲಿ ಕೆಮಿ ಗ್ರೂನೆಂಥಾಲ್ ಎಂಬ ಔಷಧ ಕಂಪನಿ ಆರಂಭವಾಯಿತು. ಸಾಬೂನು ಮತ್ತು ಸುಗಂಧ ದ್ರವ್ಯಗಳನ್ನು ತಯಾರಿಸುತ್ತಿದ್ದ ವಿರ್ಟ್ಸ್ ಮನೆತನ ಇದರ ಒಡೆಯರು. ಯುದ್ಧದಿಂದ ಹಾಳಾದ ದೇಶದಲ್ಲಿ ಸೋಂಕು ರೋಗಗಳಿಗೆ ಔಷಧವಿರಲಿಲ್ಲ. ಪೆನ್ಸಿಲಿನ್ ತಯಾರಿಸಿ ಈ ಕಂಪನಿ ಹೆಸರು ಮಾಡಿತು. ಅದರ ಸಂಶೋಧನಾ ವಿಭಾಗದ ಮುಖ್ಯಸ್ಥ ಡಾ. ಹೈನ್ರಿಶ್ ಮ್ಯೂಕ್ಟರ್.

1957ರ ಅಕ್ಟೋಬರ್ 1ರಂದು ಗ್ರೂನೆಂಥಾಲ್ ಕಂಪನಿ 'ಕಾಂಟರ್ಗಾನ್' ಎಂಬ ಹೆಸರಿನಲ್ಲಿ ಥಾಲಿಡೋಮೈಡನ್ನು ಮಾರುಕಟ್ಟೆಗೆ ತಂದಿತು. ನಿದ್ದೆ ಬಾರದವರಿಗೆ, ಮನಸ್ಸಿನ ಆತಂಕ ಇರುವವರಿಗೆ ಇದು ಔಷಧ ಎಂದು ಹೇಳಲಾಯಿತು. ಆ ಕಾಲದ ಬಾರ್ಬಿಟುರೇಟ್ ಜಾತಿಯ ನಿದ್ದೆ ಮಾತ್ರೆಗಳನ್ನು ಹೆಚ್ಚು ತೆಗೆದುಕೊಂಡರೆ ಸಾವು ಬರುತ್ತಿತ್ತು. ಇದನ್ನು ಇಲಿಗಳಿಗೆ ಎಷ್ಟು ಕೊಟ್ಟರೂ ಅವು ಸಾಯಲಿಲ್ಲ. ಹಾಗಾಗಿ 'ಸಂಪೂರ್ಣ ನಿರಪಾಯಕಾರಿ' ಎಂಬ ಜಾಹೀರಾತು ಹೊರಟಿತು. ವೈದ್ಯರ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುತ್ತಿತ್ತು. 1958ರಲ್ಲಿ ಬ್ರಿಟನ್ನಿನ ಡಿಸ್ಟಿಲ್ಲರ್ಸ್ ಕಂಪನಿ 'ಡಿಸ್ಟಾವಲ್' ಎಂಬ ಹೆಸರಿನಲ್ಲಿ ಮಾರತೊಡಗಿತು. ಒಟ್ಟು 46 ದೇಶಗಳಲ್ಲಿ ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಯಿತು. ಬಸುರಿನ ಮೊದಲ ತಿಂಗಳುಗಳಲ್ಲಿ ಬರುವ ವಾಕರಿಕೆಗೂ ಇದನ್ನು ಕೊಡಲಾಯಿತು.

ಅನಾಹುತ ನಡೆದದ್ದು ಅಲ್ಲಿಯೇ. ಗರ್ಭ ನಿಂತ ಸುಮಾರು 20ನೇ ದಿನದಿಂದ 36ನೇ ದಿನದವರೆಗೆ ಭ್ರೂಣದಲ್ಲಿ ಕೈ, ಕಾಲು, ಕಿವಿ, ಹೃದಯಗಳು ರೂಪುಗೊಳ್ಳುತ್ತವೆ. ಎಷ್ಟೋ ಮಹಿಳೆಯರಿಗೆ ಆಗ ತಾವು ಗರ್ಭಿಣಿ ಎಂಬುದೂ ಖಚಿತವಾಗಿರುವುದಿಲ್ಲ. ಆ ಕೆಲವೇ ದಿನಗಳಲ್ಲಿ ಒಂದೇ ಒಂದು ಮಾತ್ರೆ ನುಂಗಿದ್ದರೂ ಸಾಕಿತ್ತು. ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟಿದರು. ಅವರಲ್ಲಿ ಅನೇಕರು ಮೊದಲ ವರ್ಷವನ್ನು ದಾಟಲಿಲ್ಲ. ಹುಟ್ಟುವ ಮೊದಲೇ ಹೋದ ಜೀವಗಳನ್ನು ಎಣಿಸಿದವರಿಲ್ಲ.

ಮೂಲದ ಬಗ್ಗೆ ಮೂರು ಕಥೆಗಳು

ಈಗ ವಿವಾದಕ್ಕೆ ಬರೋಣ. ಥಾಲಿಡೋಮೈಡ್ ಎಲ್ಲಿ ಹುಟ್ಟಿತು ಎಂಬುದಕ್ಕೆ ಮುಖ್ಯವಾಗಿ ಮೂರು ಉತ್ತರಗಳಿವೆ.

ಮೊದಲನೆಯದು ಕಂಪನಿಯ ಉತ್ತರ. 1954ರಲ್ಲಿ ಗ್ರೂನೆಂಥಾಲ್ ಪ್ರಯೋಗಾಲಯದಲ್ಲಿ ವಿಲ್ಹೆಲ್ಮ್ ಕುಂಝ್ ಎಂಬವರು ಪ್ರತಿಜೈವಿಕ ಔಷಧಗಳಿಗೆ ಬೇಕಾದ ಪೆಪ್ಟೈಡ್‌ಗಳನ್ನು ತಯಾರಿಸುವ ಕೆಲಸದಲ್ಲಿದ್ದರು. ಆ ಪ್ರಯತ್ನದಲ್ಲಿ ಅಕಸ್ಮಾತ್ತಾಗಿ ಈ ಹೊಸ ವಸ್ತು ಸಿಕ್ಕಿತು. ಹರ್ಬರ್ಟ್ ಕೆಲ್ಲರ್ ಎಂಬ ಔಷಧ ವಿಜ್ಞಾನಿ ಅದರ ರಚನೆ ನಿದ್ದೆ ಮಾತ್ರೆಗಳ ರಚನೆಯನ್ನು ಹೋಲುವುದನ್ನು ಗುರುತಿಸಿದರು. ಅದೇ ವರ್ಷ ಪೇಟೆಂಟ್ ಅರ್ಜಿ ಹಾಕಲಾಯಿತು.

ಎರಡನೆಯದು ಸ್ವಿಟ್ಜರ್ಲೆಂಡಿನ ಉತ್ತರ. ಗ್ರೂನೆಂಥಾಲ್‌ಗಿಂತ ಒಂದು ವರ್ಷ ಮೊದಲೇ, 1953ರಲ್ಲಿ, ಸಿಬಾ ಎಂಬ ಸ್ವಿಸ್ ಕಂಪನಿ ಈ ವಸ್ತುವನ್ನು ತಯಾರಿಸಿತ್ತು, ಪ್ರಾಣಿಗಳ ಮೇಲೆ ಏನೂ ಪರಿಣಾಮ ಕಾಣದ್ದರಿಂದ ಕೈಬಿಟ್ಟಿತು ಎಂದು ವೈದ್ಯಕೀಯ ಇತಿಹಾಸದ ಅನೇಕ ಬರಹಗಳು ಹೇಳುತ್ತವೆ. ಈ ಮಾತು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಇಳಿಯುತ್ತ ಬಂದಿದೆ.

ಮೂರನೆಯದು ಬೆಚ್ಚಿ ಬೀಳಿಸುವಂಥದ್ದು. ಥಾಲಿಡೋಮೈಡ್ 1954ರದ್ದೇ ಅಲ್ಲ, ಅದು ಹಿಟ್ಲರನ ಕಾಲದ್ದು; ಯುದ್ಧದ ಸಮಯದಲ್ಲಿ ಸರಿನ್‌ನಂತಹ ನರವಿಷ ಅನಿಲಗಳಿಗೆ ಪ್ರತಿವಿಷ ಹುಡುಕುವಾಗ ನಾಜಿ ವಿಜ್ಞಾನಿಗಳು ಇದನ್ನು ಕಂಡುಕೊಂಡಿರಬಹುದು ಎಂಬುದು ಆ ವಾದ. 2009ರಲ್ಲಿ ಬ್ರಿಟನ್ನಿನ ಥಾಲಿಡೋಮೈಡ್ ಟ್ರಸ್ಟ್‌ನ ಮುಖ್ಯಸ್ಥರಾಗಿದ್ದ ಡಾ. ಮಾರ್ಟಿನ್ ಜಾನ್ಸನ್ ಇದನ್ನು ಮುಂದಿಟ್ಟಾಗ ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅರ್ಜೆಂಟೀನಾದ ಲೇಖಕ ಕಾರ್ಲೋಸ್ ಡಿ ನಪೋಲಿ ಕೂಡ ಯುದ್ಧಕಾಲದ ಐ.ಜಿ. ಫಾರ್ಬೆನ್ ಕಂಪನಿಯ ಪತ್ರವೊಂದರ ಆಧಾರದಲ್ಲಿ ಇಂಥದ್ದೇ ಮಾತು ಹೇಳಿದರು.

ಸಂಶಯಕ್ಕೆ ಆಧಾರವೇನು?

ಮೂರನೆಯ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಏಕೆಂದರೆ ಗ್ರೂನೆಂಥಾಲ್‌ನಲ್ಲಿ ಕೆಲಸ ಮಾಡಿದ ಕೆಲವರ ಹಿನ್ನೆಲೆ ಹಾಗಿತ್ತು. ಡಾ. ಮ್ಯೂಕ್ಟರ್ ಯುದ್ಧದ ಸಮಯದಲ್ಲಿ ಜರ್ಮನ್ ಸೇನೆ ವಶಪಡಿಸಿಕೊಂಡಿದ್ದ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಟೈಫಸ್ ಸಂಶೋಧನೆಯ ಸೇನಾ ಸಂಸ್ಥೆಯಲ್ಲಿದ್ದವರು. ಟೈಫಸ್ ಲಸಿಕೆಗಳ ಪ್ರಯೋಗಗಳಿಗೆ ಸೆರೆಶಿಬಿರಗಳ ಕೈದಿಗಳನ್ನು ಬಳಸಿಕೊಂಡ ಕಾಲ ಅದು.

ಇನ್ನೊಬ್ಬರು ಓಟೋ ಆಂಬ್ರೋಸ್. ಐ.ಜಿ. ಫಾರ್ಬೆನ್ ಕಂಪನಿಯ ದೊಡ್ಡ ರಸಾಯನಶಾಸ್ತ್ರಜ್ಞ. 'ಸರಿನ್' ಎಂಬ ವಿಷಾನಿಲದ ಹೆಸರಿನಲ್ಲೇ ಅದನ್ನು ರೂಪಿಸಿದವರ ಹೆಸರಿನ ಅಕ್ಷರಗಳಿವೆ. ಅದರಲ್ಲಿ ಒಂದು ಅಕ್ಷರ ಆಂಬ್ರೋಸ್ ಅವರದ್ದು. ಆಶ್ವಿಟ್ಝ್ ಸೆರೆಶಿಬಿರದ ಪಕ್ಕದಲ್ಲಿ ಕೈದಿಗಳ ಗುಲಾಮ ದುಡಿಮೆಯಿಂದ ಕಟ್ಟಿದ ಕಾರ್ಖಾನೆಯ ಹಿಂದೆ ಇದ್ದವರೂ ಇವರೇ. 1948ರಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯ ಇವರಿಗೆ 8 ವರ್ಷ ಶಿಕ್ಷೆ ವಿಧಿಸಿತು. ಅವಧಿ ಮುಗಿಯುವ ಮೊದಲೇ ಬಿಡುಗಡೆಯಾಯಿತು. ಮುಂದೆ ಗ್ರೂನೆಂಥಾಲ್‌ನ ಮೇಲ್ವಿಚಾರಣಾ ಮಂಡಳಿಯಲ್ಲಿ ಇವರಿಗೆ ಸ್ಥಾನ ಸಿಕ್ಕಿತು.

ಇದರ ಜೊತೆಗೆ, ಕಂಪನಿ ಆರಂಭದಲ್ಲಿ ನಡೆಸಿದ ಪರೀಕ್ಷೆಗಳ ದಾಖಲೆಗಳು ಸಮಾಧಾನಕರವಾಗಿ ಸಿಗುವುದಿಲ್ಲ ಎಂಬುದು ಸಂಶಯಪಡುವವರ ಮಾತು. ಪೆನ್ಸಿಲಿನ್ ತಯಾರಿಸುತ್ತಿದ್ದ ಹೊಸ ಕಂಪನಿಯೊಂದಕ್ಕೆ ಇದ್ದಕ್ಕಿದ್ದಂತೆ ಹೊಸ ನಿದ್ದೆ ಔಷಧ ಹೇಗೆ ದಕ್ಕಿತು ಎಂದು ಅವರು ಕೇಳುತ್ತಾರೆ. ಗ್ರೂನೆಂಥಾಲ್ ಕಂಪನಿ ಈ ವಾದವನ್ನು ಒಪ್ಪಿಲ್ಲ. ಯುದ್ಧದ ನಂತರ ತನ್ನದೇ ಪ್ರಯೋಗಾಲಯದಲ್ಲಿ ಇದು ಹುಟ್ಟಿತೆಂದೇ ಅದು ಹೇಳುತ್ತ ಬಂದಿದೆ.

ತೂಗಿ ನೋಡೋಣ

ಈಗ ನೀವು ನ್ಯಾಯಾಧೀಶರ ಸ್ಥಾನದಲ್ಲಿ ಕುಳಿತು ಯೋಚಿಸಿ. ಕೆಟ್ಟ ಹಿನ್ನೆಲೆಯ ವ್ಯಕ್ತಿ ಒಂದು ಕಂಪನಿಯಲ್ಲಿದ್ದ ಎಂಬುದು ಸಾಕ್ಷಿಯೇ? ಆ ವ್ಯಕ್ತಿಯ ಬಗ್ಗೆ ಅದು ಸಾಕ್ಷಿ, ನಿಜ. ಆದರೆ ಆ ಕಂಪನಿಯ ಒಂದು ನಿರ್ದಿಷ್ಟ ರಾಸಾಯನಿಕ ಯಾವ ವರ್ಷ ಹುಟ್ಟಿತು ಎಂಬುದಕ್ಕೆ ಅದು ಸಾಕ್ಷಿಯಾಗುವುದಿಲ್ಲ. ಯುದ್ಧದ ನಂತರದ ಜರ್ಮನಿಯಲ್ಲಿ ಬಹಳಷ್ಟು ಕಂಪನಿಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಹಳೆಯ ನಾಜಿಗಳು ಮತ್ತೆ ಕುರ್ಚಿ ಹಿಡಿದಿದ್ದರು.

ಎರಡನೆಯದಾಗಿ, ನರವಿಷ ಅನಿಲಗಳು ದೇಹದಲ್ಲಿ ಅಸಿಟೈಲ್ ಕೋಲಿನ್ ಎಂಬ ವಸ್ತುವನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಸ್ನಾಯುಗಳು ಬಿಗಿದು, ಉಸಿರು ಕಟ್ಟಿ ಮನುಷ್ಯ ಸಾಯುತ್ತಾನೆ. ಅದಕ್ಕೆ ಇಂದಿಗೂ ಬಳಸುವ ಮುಖ್ಯ ಪ್ರತಿವಿಷ ಅಟ್ರೋಪಿನ್. ನಮ್ಮ ಹಳ್ಳಿಗಳಲ್ಲಿ ಕೀಟನಾಶಕ ಕುಡಿದವರನ್ನು ಆಸ್ಪತ್ರೆಗೆ ಒಯ್ದಾಗ ಚುಚ್ಚುವುದೂ ಅದನ್ನೇ, ಏಕೆಂದರೆ ಆ ಕೀಟನಾಶಕಗಳೂ ಅದೇ ಬಳಗದವು. ಥಾಲಿಡೋಮೈಡ್ ಇಂತಹ ವಿಷಕ್ಕೆ ಔಷಧವಾಗಿ ಬಳಕೆಗೆ ಬಂದೇ ಇಲ್ಲ.

ಮೂರನೆಯದಾಗಿ, 1950ರ ದಶಕ ನಿದ್ದೆ ಮತ್ತು ಶಾಂತಿಯ ಮಾತ್ರೆಗಳ ಪೈಪೋಟಿಯ ಕಾಲ. ಥಾಲಿಡೋಮೈಡ್‌ನ ರಚನೆಯ ಒಂದು ಭಾಗಕ್ಕೆ ಗ್ಲುಟಾರಿಮೈಡ್ ಎಂದು ಹೆಸರು. ಅದೇ ಭಾಗವಿರುವ ಇನ್ನೊಂದು ನಿದ್ದೆ ಔಷಧವನ್ನು ಸಿಬಾ ಕಂಪನಿ ಅದೇ ಸಮಯದಲ್ಲಿ 'ಡೋರಿಡೆನ್' ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಬಾರ್ಬಿಟುರೇಟ್‌ಗಳನ್ನು ಹೋಲುವ ಹೊಸ ರಚನೆಗಳನ್ನು ಎಲ್ಲರೂ ಹುಡುಕುತ್ತಿದ್ದರು. ಎರಡು ಪ್ರಯೋಗಾಲಯಗಳು ಸ್ವತಂತ್ರವಾಗಿ ಒಂದೇ ವಸ್ತುವನ್ನು ತಲುಪಿದ್ದರೆ ಅದರಲ್ಲಿ ಅಚ್ಚರಿಯೇನಿಲ್ಲ. ರಸಾಯನಶಾಸ್ತ್ರದಲ್ಲಿ ಹೀಗೆ ಎಷ್ಟೋ ಸಲ ಆಗಿದೆ.

ಹಾಗಾದರೆ ನಾಜಿ ಮೂಲದ ವಾದ ಸುಳ್ಳೇ? ಹಾಗೂ ಹೇಳಲಾಗದು. ಅದು ಸಾಬೀತಾಗದ ಸಂಶಯ. ಸಾಬೀತಾಗದ ಸಂಶಯವನ್ನು ಸತ್ಯ ಎಂದು ಸಾರುವುದೂ ತಪ್ಪು, ಸುಳ್ಳು ಎಂದು ನಗುವುದೂ ತಪ್ಪು. ಇತಿಹಾಸದ ವಿದ್ಯಾರ್ಥಿ ಅದನ್ನು ಅದರ ಜಾಗದಲ್ಲಿಯೇ ಇಟ್ಟುಕೊಂಡಿರಬೇಕು.

ಆದರೆ ಮಿತ್ರರೇ, ಇಲ್ಲಿ ಒಂದು ಅಪಾಯವಿದೆ. ಈ ಮಾತ್ರೆ ರಾಕ್ಷಸರ ಕೈಯಿಂದ ಬಂದದ್ದು ಎಂದು ಹೇಳಿಬಿಟ್ಟರೆ ನಮಗೆಲ್ಲ ಒಂದು ಬಗೆಯ ನೆಮ್ಮದಿ ಸಿಗುತ್ತದೆ. ರಾಕ್ಷಸರು ಸತ್ತರು, ಆ ಕಾಲ ಹೋಯಿತು, ಇನ್ನು ಹೀಗಾಗದು ಎನಿಸುತ್ತದೆ. ನಿಜ ಅಷ್ಟು ಸುಲಭವಲ್ಲ. ಮಾತ್ರೆಯ ಮೂಲ ವಿವಾದದಲ್ಲಿರಬಹುದು. ಅನಾಹುತದ ಮೂಲದಲ್ಲಿ ವಿವಾದವಿಲ್ಲ. ಅದು ದಾಖಲೆಗಳಲ್ಲಿದೆ, ಮತ್ತು ಅದು ಬಹಳ ಸಾಮಾನ್ಯ ಮನುಷ್ಯರ ಕೆಲಸ.

ಅನಾಹುತದ ಮೂಲ

1956ರ ಡಿಸೆಂಬರ್ 25. ಮಾತ್ರೆ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಗ್ರೂನೆಂಥಾಲ್‌ನ ನೌಕರನೊಬ್ಬ ಮಾದರಿ ಮಾತ್ರೆಗಳನ್ನು ಮನೆಗೆ ತಂದು ಗರ್ಭಿಣಿ ಹೆಂಡತಿಗೆ ಕೊಟ್ಟಿದ್ದ. ಅಂದು ಹುಟ್ಟಿದ ಆ ಮಗುವಿಗೆ ಕಿವಿಗಳಿರಲಿಲ್ಲ. ಕಾರಣ ಯಾರಿಗೂ ಹೊಳೆಯಲಿಲ್ಲ.

ಅಮೆರಿಕದ ಸ್ಮಿತ್, ಕ್ಲೈನ್ ಅಂಡ್ ಫ್ರೆಂಚ್ ಎಂಬ ಕಂಪನಿ ಈ ಔಷಧವನ್ನು 1956–57ರಲ್ಲೇ ಪರೀಕ್ಷಿಸಿ, ಬೇಡವೆಂದು ಬಿಟ್ಟಿತ್ತು. 1959ರಲ್ಲಿ ಡ್ಯುಸೆಲ್‌ಡಾರ್ಫ್‌ನ ನರರೋಗ ತಜ್ಞ ಡಾ. ರಾಲ್ಫ್ ವೊಸ್ ಗ್ರೂನೆಂಥಾಲ್‌ಗೆ ಪತ್ರ ಬರೆದು, ಈ ಮಾತ್ರೆಯಿಂದ ನರಗಳಿಗೆ ಹಾನಿಯಾಗುತ್ತದೆಯೇ ಎಂದು ಕೇಳಿದರು. ಅಂಥದ್ದೇನೂ ತಿಳಿದುಬಂದಿಲ್ಲ ಎಂಬ ಉತ್ತರ ಬಂತು. ಕೈಕಾಲು ಜೋಮು ಹಿಡಿದು, ಉರಿ ತಾಳಲಾರದ ರೋಗಿಗಳ ದೂರುಗಳು ಮುಂದೆ ಸಾವಿರ ದಾಟಿದವು. ಮಾರಾಟ ನಿಲ್ಲಲಿಲ್ಲ. 1960ರ ಡಿಸೆಂಬರ್ 31ರಂದು ಸ್ಕಾಟ್ಲೆಂಡಿನ ಡಾ. ಲೆಸ್ಲಿ ಫ್ಲಾರೆನ್ಸ್ ಅವರ ಪತ್ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ವಿಷಯ ಅದೇ: ಥಾಲಿಡೋಮೈಡ್ ಮತ್ತು ನರಹಾನಿ.

ನರಗಳಿಗೆ ಹಾನಿ ಮಾಡುವ ವಸ್ತು ಗರ್ಭದಲ್ಲಿರುವ ಮಗುವಿಗೆ ಏನು ಮಾಡೀತು? ಈ ಸರಳ ಪ್ರಶ್ನೆಯನ್ನು ಕಂಪನಿ ಕೇಳಿಕೊಳ್ಳಲಿಲ್ಲ. ತಾಯಿಯ ಮಾಸು ಮಗುವನ್ನು ಕಾಯುತ್ತದೆ ಎಂಬ ನಂಬಿಕೆ ಆಗ ಅನೇಕ ವೈದ್ಯರಲ್ಲಿತ್ತು. ಗರ್ಭ ಧರಿಸಿದ ಪ್ರಾಣಿಗಳ ಮೇಲೆ ಪರೀಕ್ಷಿಸುವುದು ಆ ಕಾಲಕ್ಕೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಮಾಡಲಿಲ್ಲ. ಪಶ್ಚಿಮ ಜರ್ಮನಿಯ ಕಾನೂನು ಕೂಡ ಅದನ್ನು ಕೇಳುತ್ತಿರಲಿಲ್ಲ. ಆ ದೇಶದ ಮೊದಲ ಔಷಧ ಕಾಯ್ದೆ ಬಂದದ್ದೇ 1961ರಲ್ಲಿ.

ಪ್ರಶ್ನೆ ಕೇಳಿದವರು

ಒಬ್ಬಾಕೆ ಪ್ರಶ್ನೆ ಕೇಳಿದರು. ಅವರ ಹೆಸರು ಡಾ. ಫ್ರಾನ್ಸಿಸ್ ಕೆಲ್ಸಿ. 1960ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಲಾಖೆಗೆ ಸೇರಿದ್ದರು. ಮರುತಿಂಗಳೇ ರಿಚರ್ಡ್‌ಸನ್-ಮೆರಿಲ್ ಕಂಪನಿಯ ಥಾಲಿಡೋಮೈಡ್ ಅರ್ಜಿ ಅವರ ಮೇಜಿಗೆ ಬಂತು. ಹೊಸಬರು, ಸುಲಭದ ಅರ್ಜಿ, ಸಹಿ ಹಾಕಿ ಕಳಿಸಬಹುದಿತ್ತು. ಅವರು ಹಾಕಲಿಲ್ಲ. ಸುರಕ್ಷತೆಯ ಸಾಕ್ಷಿ ಸಾಲದು ಎಂದು ಅರ್ಜಿಯನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿದರು. ಫ್ಲಾರೆನ್ಸ್ ಅವರ ಪತ್ರವನ್ನು ಓದಿದ ಮೇಲೆ ಗರ್ಭಿಣಿಯರ ಬಗ್ಗೆ ನೇರವಾಗಿಯೇ ಕೇಳಿದರು. ಕಂಪನಿಯವರು ಮೇಲಧಿಕಾರಿಗಳಿಗೆ ದೂರು ಕೊಟ್ಟರು, ಒತ್ತಡ ತಂದರು. ಕೆಲ್ಸಿ ಜಗ್ಗಲಿಲ್ಲ.

ಕೆಲ್ಸಿ ಅವರ ಈ ಎಚ್ಚರಕ್ಕೂ ಒಂದು ಹಿನ್ನೆಲೆಯಿದೆ. 1937ರಲ್ಲಿ ಅಮೆರಿಕದಲ್ಲಿ ಎಲಿಕ್ಸಿರ್ ಸಲ್ಫಾನಿಲಮೈಡ್ ಎಂಬ ಸಿಹಿ ಔಷಧ ಕುಡಿದು 100ಕ್ಕೂ ಹೆಚ್ಚು ಜನ ಸತ್ತಿದ್ದರು. ಔಷಧವನ್ನು ಕರಗಿಸಲು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ದ್ರಾವಣ ಬಳಸಿದ್ದರು. ಆಗ ಶಿಕಾಗೋದಲ್ಲಿ ವಿದ್ಯಾರ್ಥಿನಿಯಾಗಿದ್ದ ಕೆಲ್ಸಿ ಆ ತನಿಖೆಯಲ್ಲಿ ಕೆಲಸ ಮಾಡಿದ್ದರು. ಮಾರಾಟಕ್ಕೆ ಮೊದಲು ಸುರಕ್ಷತೆಯನ್ನು ತೋರಿಸಬೇಕೆಂಬ 1938ರ ಕಾನೂನು ಬಂದದ್ದು ಆ ಸಾವುಗಳಿಂದಲೇ. ವಿದ್ಯಾರ್ಥಿ ದೆಸೆಯಲ್ಲಿ ಕಲಿತದ್ದು 23 ವರ್ಷಗಳ ಮೇಲೆ ಸಾವಿರಾರು ಮಕ್ಕಳನ್ನು ಉಳಿಸಿತು. ಕಂಪನಿ 'ಪ್ರಯೋಗ'ದ ಹೆಸರಿನಲ್ಲಿ ವೈದ್ಯರಿಗೆ ಹಂಚಿದ್ದ ಮಾತ್ರೆಗಳಿಂದ ಅಮೆರಿಕದಲ್ಲೂ 17 ಮಕ್ಕಳು ಅಂಗವಿಕಲರಾಗಿ ಹುಟ್ಟಿದರು. ಆದರೆ ಜರ್ಮನಿಯಲ್ಲಿ ಆದಂತೆ ಆಗಲಿಲ್ಲ. 1962ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕೆನಡಿ ಅವರಿಗೆ ಪ್ರಶಸ್ತಿ ನೀಡಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇನ್ನೂ ಬಿಗಿಯಾದ ಔಷಧ ಕಾನೂನು ಬಂತು.

ಜರ್ಮನಿಯಲ್ಲಿ ಸತ್ಯವನ್ನು ಹೊರಗೆ ತಂದವರು ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ಡಾ. ವಿಡುಕಿಂಡ್ ಲೆಂಝ್. ಅವರು ಮನೆಮನೆಗೆ ಹೋಗಿ ತಾಯಂದಿರನ್ನು ಕೂರಿಸಿ ಕೇಳಿದರು. ಏನು ತಿಂದಿರಿ, ಏನು ಕುಡಿದಿರಿ, ಯಾವ ಮಾತ್ರೆ ನುಂಗಿದಿರಿ? ಮೊದಲು ಯಾರಿಗೂ ನೆನಪಾಗಲಿಲ್ಲ. ಚೀಟಿ ಇಲ್ಲದೆ ಸಿಗುವ ನಿದ್ದೆ ಮಾತ್ರೆಯನ್ನು ಔಷಧ ಎಂದೇ ಅವರು ಎಣಿಸಿರಲಿಲ್ಲ. ಮತ್ತೆ ಕೇಳಿದಾಗ ಒಂದೇ ಹೆಸರು ಬರತೊಡಗಿತು. 1961ರ ನವೆಂಬರ್ ಮಧ್ಯದಲ್ಲಿ ಲೆಂಝ್ ಗ್ರೂನೆಂಥಾಲ್‌ಗೆ ಫೋನ್ ಮಾಡಿ ಮಾತ್ರೆಯನ್ನು ಹಿಂತೆಗೆದುಕೊಳ್ಳಿ ಎಂದರು. ನವೆಂಬರ್ 18ರಂದು ವೈದ್ಯರ ಸಭೆಯಲ್ಲಿ ಹೇಳಿದರು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ, ಆ ತಿಂಗಳ ಕೊನೆಯಲ್ಲಿ, ಕಂಪನಿ ಮಾತ್ರೆಯನ್ನು ಹಿಂದಕ್ಕೆ ಪಡೆಯಿತು. ಆಸ್ಟ್ರೇಲಿಯಾದ ಡಾ. ವಿಲಿಯಂ ಮೆಕ್‌ಬ್ರೈಡ್ ಅವರ ಇದೇ ಸಂಶಯದ ಪತ್ರ ಡಿಸೆಂಬರ್ 16ರಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಈ ಮೆಕ್‌ಬ್ರೈಡ್ ಅವರ ಕಥೆ ಇನ್ನೊಂದು ಪಾಠ. ಲೋಕದ ಮೆಚ್ಚುಗೆ ಪಡೆದ ಅವರು ಮುಂದೆ ಬೇರೊಂದು ಔಷಧದ ಮೇಲೆ ಆರೋಪ ಹೊರಿಸಲು ಸಂಶೋಧನೆಯ ಅಂಕಿಗಳನ್ನು ತಿದ್ದಿದರು. 1993ರಲ್ಲಿ ವೈದ್ಯರ ಪಟ್ಟಿಯಿಂದ ಅವರ ಹೆಸರು ತೆಗೆದುಹಾಕಲಾಯಿತು. ಒಮ್ಮೆ ಸತ್ಯ ಹೇಳಿದವರ ಮಾತೆಲ್ಲ ಸತ್ಯವಾಗುವುದಿಲ್ಲ. ಪ್ರತಿ ಸಲವೂ ಸಾಕ್ಷಿಯನ್ನೇ ಕೇಳಬೇಕು.

ತೀರ್ಪಿಲ್ಲದೆ ಮುಗಿದ ಮೊಕದ್ದಮೆ

1968ರ ಮೇ ತಿಂಗಳಲ್ಲಿ ಜರ್ಮನಿಯ ಆಲ್ಸ್‌ಡಾರ್ಫ್‌ನಲ್ಲಿ ಗ್ರೂನೆಂಥಾಲ್‌ನವರ ಮೇಲೆ ಮೊಕದ್ದಮೆ ಆರಂಭವಾಯಿತು. ಎರಡೂವರೆ ವರ್ಷ ನಡೆಯಿತು. 1970ರ ಡಿಸೆಂಬರ್‌ನಲ್ಲಿ ಯಾರಿಗೂ ಶಿಕ್ಷೆಯಾಗದೆ ನಿಂತುಹೋಯಿತು. ಕಂಪನಿ ಸಂತ್ರಸ್ತರಿಗೆ 10 ಕೋಟಿ ಮಾರ್ಕ್ ಕೊಡಲು ಒಪ್ಪಿತು. ಮೂಲದ ಪ್ರಶ್ನೆಗಳು ಇಂದಿಗೂ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಪೂರ್ಣ ವಿಚಾರಣೆ ನಡೆದು ತೀರ್ಪು ಬಂದಿದ್ದರೆ ಯಾರಿಗೆ ಯಾವಾಗ ಏನು ಗೊತ್ತಿತ್ತು ಎಂಬುದು ನ್ಯಾಯಾಲಯದ ಬಾಯಿಂದಲೇ ಬರುತ್ತಿತ್ತು. ಮುಚ್ಚಿದ ಕಡತ ಇದ್ದಲ್ಲಿ ಊಹಾಪೋಹ ಬೆಳೆಯುತ್ತದೆ. ಊಹಾಪೋಹಕ್ಕೆ ಜನರನ್ನು ಬಯ್ಯುವ ಮೊದಲು ಕಡತ ಮುಚ್ಚಿದವರನ್ನು ಕೇಳಬೇಕು.

ಗ್ರೂನೆಂಥಾಲ್ ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದ್ದು 2012ರ ಆಗಸ್ಟ್ 31ರಂದು, ಸ್ಟೋಲ್‌ಬರ್ಗ್‌ನಲ್ಲಿ ಒಂದು ಸ್ಮಾರಕ ಪ್ರತಿಮೆಯ ಅನಾವರಣದ ವೇಳೆ. 50 ವರ್ಷಗಳ ಮೌನಕ್ಕಾಗಿ ಕ್ಷಮೆ. ಅನೇಕ ಸಂತ್ರಸ್ತರು ಇದು ತಡವಾಯಿತು, ಸಾಲದು ಎಂದರು. ಆಸ್ಟ್ರೇಲಿಯಾ ಸರ್ಕಾರ ತನ್ನ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2023ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಎಷ್ಟೋ ತಾಯಂದಿರು ತಮ್ಮನ್ನೇ ದೂಷಿಸಿಕೊಳ್ಳುತ್ತ ಮಣ್ಣಾಗಿದ್ದರು.

ಮಾತ್ರೆ ಮಗುವಿನ ಕೈಕಾಲನ್ನು ಹೇಗೆ ಕೆಡಿಸುತ್ತದೆ ಎಂಬ ಗುಟ್ಟು ಬಿಚ್ಚಿಕೊಂಡದ್ದು 2010ರಲ್ಲಿ. ಜಪಾನಿನ ವಿಜ್ಞಾನಿಗಳು ಥಾಲಿಡೋಮೈಡ್ ದೇಹದ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುವುದನ್ನು ತೋರಿಸಿದರು. ಅಂಗಗಳ ಬೆಳವಣಿಗೆಗೆ ಬೇಕಾದ ಇನ್ನೊಂದು ಪ್ರೋಟೀನ್ ಇದರಿಂದ ನಾಶವಾಗುತ್ತದೆ ಎಂಬುದು 2018ರಲ್ಲಿ ತಿಳಿಯಿತು. ಇದೇ ಮಾತ್ರೆ ಇಂದು ಉಪಕಾರಿಯೂ ಹೌದು. 1964ರಲ್ಲಿ ಜೆರುಸಲೇಮಿನ ಡಾ. ಜೇಕಬ್ ಶೆಸ್ಕಿನ್ ಕುಷ್ಠರೋಗಿಗಳ ಒಂದು ಬಗೆಯ ನೋವಿನ ಊತಕ್ಕೆ ಇದು ಕೆಲಸ ಮಾಡುವುದನ್ನು ಕಂಡರು. ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ಭಾರತದಲ್ಲೂ ವೈದ್ಯರು ಇದನ್ನು ಕೊಡುತ್ತಾರೆ. ಆದರೆ ಗರ್ಭಿಣಿಯರಿಗೆ ಇಂದಿಗೂ ಇದು ನಿಷಿದ್ಧ.

ನಮ್ಮ ಮನೆಬಾಗಿಲಲ್ಲಿ

ಇದೆಲ್ಲ ಜರ್ಮನಿಯ ಕಥೆ, ನಮಗೇನು ಎಂದು ಕೇಳಬೇಡಿ. 2024ರ ನವೆಂಬರ್‌ನಲ್ಲಿ ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಅಸ್ವಸ್ಥರಾದರು. ಕೆಲವೇ ವಾರಗಳಲ್ಲಿ ಐವರು ತೀರಿಕೊಂಡರು. ಸಂಶಯ ಹೋದದ್ದು ನರಕ್ಕೆ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಆ ತಯಾರಕರ ದ್ರಾವಣದ ಕೆಲವು ಬ್ಯಾಚುಗಳಿಗೆ ಗುಣಮಟ್ಟವಿಲ್ಲ ಎಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು, ಸರಿಯಿದೆ ಎಂದು ಕೇಂದ್ರದ ಪ್ರಯೋಗಾಲಯ ಹೇಳಿತ್ತು. ಎರಡು ವರದಿಗಳ ನಡುವೆ ಔಷಧ ಆಸ್ಪತ್ರೆ ತಲುಪಿತ್ತು. ಔಷಧ ಎಲ್ಲಿಂದ ಬಂತು, ಯಾರು ಪರೀಕ್ಷಿಸಿದರು, ಯಾರು ಒಪ್ಪಿದರು ಎಂಬ ಪ್ರಶ್ನೆ ಹಳೆಯ ಪುಸ್ತಕದ ಪ್ರಶ್ನೆಯಲ್ಲ ಎಂಬುದು ಈಗ ತಿಳಿಯಿತಲ್ಲವೇ?

ಇನ್ನೂ ಹತ್ತಿರಕ್ಕೆ ಬನ್ನಿ. ಸಂಜೆ ಕೆಲಸ ಮುಗಿಸಿ ಬರುವಾಗ ಮೆಡಿಕಲ್ ಶಾಪಿನಲ್ಲಿ ನಿಂತು "ತಲೆನೋವಿಗೆ ಒಂದು, ವಾಂತಿಗೆ ಒಂದು ಮಾತ್ರೆ ಕೊಡಿ" ಎಂದು ಕೇಳುವವರು ನಮ್ಮಲ್ಲಿ ಎಷ್ಟು ಜನ? ಆ ಮಾತ್ರೆ ಮನೆಯಲ್ಲಿರುವ ಹೆಣ್ಣುಮಗಳಿಗೆ ಹೋಗುತ್ತದೆ. ಅವಳು ಗರ್ಭಿಣಿಯೇ ಎಂದು ಅಂಗಡಿಯವನು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಬಾಲಕರ ಜ್ವರಕ್ಕೆ ಎಲ್ಲೆಡೆ ಕೊಡುತ್ತಿದ್ದ ನಿಮೆಸುಲೈಡ್ ಔಷಧವನ್ನು 12 ವರ್ಷದೊಳಗಿನವರಿಗೆ ಕೊಡಬಾರದೆಂದು ಭಾರತ ಸರ್ಕಾರ ನಿಷೇಧಿಸಿದ್ದು 2011ರಲ್ಲಿ. ಅದಕ್ಕೆ ಮೊದಲು ಎಷ್ಟು ಮಕ್ಕಳು ಅದನ್ನು ಕುಡಿದಿದ್ದರು!

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ಹೆಣ್ಣುಮಕ್ಕಳು ಯಾವ ಮಾತ್ರೆ ಪಡೆಯುವಾಗಲೂ ಗರ್ಭದ ಸಂಶಯವಿದ್ದರೆ ನಾಚದೆ ಹೇಳಬೇಕು. ತಾಯಿ ಕಾರ್ಡನ್ನು ಆಸ್ಪತ್ರೆಗೆ ಹೋಗುವಾಗ ಮಾತ್ರವಲ್ಲ, ಔಷಧದಂಗಡಿಗೆ ಹೋಗುವಾಗಲೂ ಒಯ್ಯಬೇಕು. ಮಾತ್ರೆಯ ಪಟ್ಟಿಯನ್ನು ಬಿಸಾಡದೆ ಹೆಸರು, ಬ್ಯಾಚ್ ಸಂಖ್ಯೆ ಇರುವ ತುಂಡನ್ನು ಇಟ್ಟುಕೊಳ್ಳಬೇಕು. ಔಷಧದಿಂದ ತೊಂದರೆಯಾದರೆ ತಿಳಿಸಲು 2010ರಿಂದ ನಮ್ಮ ದೇಶದಲ್ಲಿ ಔಷಧ ಸುರಕ್ಷತಾ ಕಾರ್ಯಕ್ರಮವೊಂದಿದೆ. ವೈದ್ಯರಷ್ಟೇ ಅಲ್ಲ, ಸಾಮಾನ್ಯ ಜನರೂ ದೂರು ಕೊಡಬಹುದು. ನಮ್ಮ ಆಶಾ ಕಾರ್ಯಕರ್ತೆಗೆ ಹೇಳಿದರೂ ಸರಿ, ಸುಮ್ಮನಿರಬಾರದು. ಲೆಂಝ್ ಅವರಿಗೆ ಸತ್ಯ ಸಿಕ್ಕಿದ್ದು ತಾಯಂದಿರು ಬಾಯಿ ಬಿಟ್ಟದ್ದರಿಂದ.

ಫಾರ್ಮಸಿ, ನರ್ಸಿಂಗ್, ವೈದ್ಯಕೀಯ ಓದುತ್ತಿರುವ ನಮ್ಮ ಮಕ್ಕಳಿಗೆ ಇನ್ನೊಂದು ಮಾತು. ಕೆಲ್ಸಿ ಅವರು ಹೊಸ ಔಷಧ ಕಂಡುಹಿಡಿದವರಲ್ಲ. ಲೆಂಝ್ ಅವರು ದೊಡ್ಡ ಯಂತ್ರ ಇಟ್ಟುಕೊಂಡವರಲ್ಲ. ಒಬ್ಬರು 'ಸಾಕ್ಷಿ ಎಲ್ಲಿ?' ಎಂದರು, ಇನ್ನೊಬ್ಬರು 'ಏನು ನುಂಗಿದಿರಿ, ತಾಯಿ?' ಎಂದರು. ಪದವಿ ಪಡೆದು ನೀವು ಯಾವ ಮೇಜಿನ ಹಿಂದೆ ಕುಳಿತರೂ ಈ ಎರಡು ಪ್ರಶ್ನೆಗಳನ್ನು ಮರೆಯಬೇಡಿ.

ಥಾಲಿಡೋಮೈಡ್ ಸ್ಟೋಲ್‌ಬರ್ಗ್‌ನಲ್ಲಿ ಹುಟ್ಟಿತೋ, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿತೋ, ಹಿಟ್ಲರನ ಕಾಲದ ಕತ್ತಲೆಯಲ್ಲಿ ಹುಟ್ಟಿತೋ, ಮುಂದೆ ಯಾವುದೋ ಕಡತ ತೆರೆದಾಗ ತಿಳಿಯಬಹುದು. ಆದರೆ ಊನವಾದ ಮಗುವನ್ನು ಎತ್ತಿಕೊಂಡ ತಾಯಿಗೆ ಬೇಕಾದ ಉತ್ತರ 1961ರಲ್ಲೇ ಸಿಕ್ಕಿದೆ: ತಪ್ಪು ನಿನ್ನದಲ್ಲ. ಮುಂದಿನ ಸಲ ನಮ್ಮ ಬೀದಿಯಲ್ಲಿ ಯಾರಾದರೂ ಗ್ರಹಣದ ಮಾತು ಎತ್ತಿದರೆ, ಆ ತಾಯಿಯ ಪರವಾಗಿ ಇಷ್ಟನ್ನು ಹೇಳುವವರು ನೀವಾಗಿರಿ.